ಕೂದಲು ಎಣಿಸುವ ತಕ್ಕಡಿ

ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರ ಎರಡು ಕಸುಬುಗಳಿಂದ ಹೆಸರಾದ ಊರು. ಒಂದು ನೇಯ್ಗೆ, ಇನ್ನೊಂದು ಕೂದಲು. ಬಾಚಣಿಗೆಗೆ ಸಿಕ್ಕಿ ಉದುರಿದ ಕೂದಲನ್ನು ಊರೂರು ತಿರುಗಿ, ಪಾತ್ರೆ-ಪಡಗ ಕೊಟ್ಟು ಕೊಂಡು ತರುವವರಿದ್ದಾರೆ. ಉಂಡೆಗಟ್ಟಿದ ಆ ಕೂದಲನ್ನು ಎಳೆ ಎಳೆಯಾಗಿ ಬಿಡಿಸುವ ಕೆಲಸ ಬಹುಪಾಲು ಹೆಣ್ಣುಮಕ್ಕಳದು. ಬಿಡಿಸಿದ್ದನ್ನು ತೊಳೆದು, ಒಣಗಿಸಿ, ಕಬ್ಬಿಣದ ಹಲ್ಲುಗಳ ದೊಡ್ಡ ಹಣಿಗೆಯ ಮೇಲೆ ಎಳೆದು, ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಕಟ್ಟು ಕಟ್ಟುತ್ತಾರೆ. ಅಲ್ಲಿಂದ ಅದು ದೂರದ ದೇಶಗಳಿಗೆ ಹೋಗಿ ಯಾರದೋ ತಲೆಯ ಮೇಲೆ ವಿಗ್ ಆಗಿ ಕೂರುತ್ತದೆ.

ಈ ವ್ಯಾಪಾರ ನಡೆಯುವುದು ಎರಡು ಅಳತೆಗಳ ಮೇಲೆ. ಉದ್ದ ಇಂಚಿನಲ್ಲಿ, ತೂಕ ಕಿಲೋದಲ್ಲಿ. ಇಂಚು ಏರಿದಂತೆ ಕಿಲೋದ ಬೆಲೆ ಏರುತ್ತದೆ. ಇಂಚು ಬ್ರಿಟಿಷರ ಕಾಲದ್ದು, ಕಿಲೋ ಮೆಟ್ರಿಕ್ ಪದ್ಧತಿಯದ್ದು. ಎರಡೂ ಒಂದೇ ಚೀಟಿಯಲ್ಲಿ ಅಕ್ಕಪಕ್ಕ ಇರುತ್ತವೆ, ಯಾರಿಗೂ ಗೊಂದಲವಾಗುವುದಿಲ್ಲ. ಕೂದಲನ್ನು ಎಣಿಸಿ ಮಾರುವವರು ಮಾತ್ರ ಯಾರೂ ಇಲ್ಲ. ಎಣಿಸುವುದಾದರೂ ಹೇಗೆ?

ತಕ್ಕಡಿಯಿಂದ ಎಣಿಸಬಹುದು. ರಸಾಯನಶಾಸ್ತ್ರದ ಮೊದಲ ಪಾಠ ಕಲಿಸುವುದು ಇದೇ ವಿದ್ಯೆಯನ್ನು. ಪ್ರಥಮ ಪಿಯುಸಿಯ ಪುಸ್ತಕ ತೆರೆದ ಕೂಡಲೇ ಅಳತೆ, ಏಕಮಾನ, ಪರಿವರ್ತನೆ, ಮೋಲ್ ಎಂದು ಸಾಲಾಗಿ ಬರುತ್ತವೆ. ಹೆಚ್ಚಿನ ಮಕ್ಕಳು ಆ ಪುಟಗಳನ್ನು ‘ನಿಜವಾದ ರಸಾಯನಶಾಸ್ತ್ರ ಮುಂದೆ ಇದೆ’ ಎಂದುಕೊಂಡು ದಾಟಿಬಿಡುತ್ತಾರೆ. ದಾಟಿದವರು ವರ್ಷವಿಡೀ ಎಡವುತ್ತಾರೆ. ಆ ಪುಟಗಳಿಗೆ ಮಕ್ಕಳಿಂದಲೂ ಪಾಠ ಮಾಡುವವರಿಂದಲೂ ಸಿಗಬೇಕಾದಷ್ಟು ಹೊತ್ತು ಸಿಕ್ಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೇ ಈ ಅಧ್ಯಾಯದಲ್ಲಿ ಸಾವಕಾಶವಾಗಿ ಹೋಗೋಣ.

20 ಇಂಚಿನ ಕೂದಲಿನ ಒಂದು ಕಿಲೋ ಕಟ್ಟು ಮುಂದಿದೆ ಎಂದುಕೊಳ್ಳಿ. ಅದರಲ್ಲಿ ಎಷ್ಟು ಎಳೆ?

ಮೊದಲು ಒಂದು ಎಳೆಯ ತೂಕ ಬೇಕು. ಮನುಷ್ಯರ ಕೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರೋಮೀಟರ್. ಒಂದು ಮೈಕ್ರೋಮೀಟರ್ ಎಂದರೆ ಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ನಾವು 70 ಎಂದು ಹಿಡಿಯೋಣ. ಕೂದಲಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.3 ಗ್ರಾಂ, ಅಂದರೆ ನೀರಿಗಿಂತ ತುಸು ಭಾರ. ದುಂಡನೆಯ ಎಳೆಯ ಅಡ್ಡ ಸೀಳಿನ ವಿಸ್ತೀರ್ಣವನ್ನು ಉದ್ದದಿಂದಲೂ ಸಾಂದ್ರತೆಯಿಂದಲೂ ಗುಣಿಸಿದರೆ ಒಂದು ಮೀಟರ್ ಕೂದಲಿಗೆ ಸುಮಾರು 5 ಮಿಲಿಗ್ರಾಂ ಬರುತ್ತದೆ. ಇನ್ನುಳಿದದ್ದು ಪರಿವರ್ತನೆ. ಒಂದು ಕಿಲೋ ಎಂದರೆ 10 ಲಕ್ಷ ಮಿಲಿಗ್ರಾಂ. ಮೀಟರಿಗೆ 5 ಮಿಲಿಗ್ರಾಂ ಆದರೆ ಆ ಕಟ್ಟಿನಲ್ಲಿರುವ ಒಟ್ಟು ಉದ್ದ 2 ಲಕ್ಷ ಮೀಟರ್, ಅಂದರೆ 200 ಕಿಲೋಮೀಟರ್. ಕೊಪ್ಪಳದಿಂದ ಹುಬ್ಬಳ್ಳಿಗೆ ಹೋಗಿ ಅರ್ಧಕ್ಕಿಂತ ಹೆಚ್ಚು ದಾರಿ ವಾಪಸ್ಸು ಬರುವಷ್ಟು! ಒಂದೊಂದು ಎಳೆ 20 ಇಂಚು, ಇಂಚಿಗೆ 2.54 ಸೆಂಟಿಮೀಟರ್, ಹಾಗಾಗಿ ಎಳೆಗೆ 50.8 ಸೆಂಟಿಮೀಟರ್. ಭಾಗಿಸಿದರೆ ಸುಮಾರು 4 ಲಕ್ಷ ಎಳೆಗಳು. ಒಬ್ಬರ ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲಿರುತ್ತದೆ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿ, ಉತ್ತರ ಒಪ್ಪುವಂತಿದೆ.

ಈ ಲೆಕ್ಕದಲ್ಲಿ ನಡೆದದ್ದೇನು? ಪರಿವರ್ತನೆಯ ಪ್ರತಿ ಹೆಜ್ಜೆಯಲ್ಲೂ ನಾವು ಗುಣಿಸಿದ್ದು ‘ಒಂದರಿಂದ’. 10 ಲಕ್ಷ ಮಿಲಿಗ್ರಾಮೂ ಒಂದು ಕಿಲೋವೂ ಒಂದೇ ತೂಕ. ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಬರೆದರೆ ಆ ಭಿನ್ನರಾಶಿಯ ಬೆಲೆ 1. ಒಂದರಿಂದ ಗುಣಿಸಿದರೆ ವಸ್ತು ಬದಲಾಗದು, ಅದನ್ನು ಕರೆಯುವ ಹೆಸರು ಬದಲಾಗುತ್ತದೆ. ಯಾವುದನ್ನು ಮೇಲೆ ಬರೆಯಬೇಕು, ಯಾವುದನ್ನು ಕೆಳಗೆ? ಇಲ್ಲಿ ಕಂಠಪಾಠ ಬೇಕಿಲ್ಲ. ಹೋಗಬೇಕಾದ ಏಕಮಾನ ಮೇಲೆ–ಕೆಳಗೆ ಎದುರಾಗಿ ಹೊಡೆದುಹೋಗುವಂತೆ ಬರೆದರೆ ಸಾಕು. ತಿರುಗಾಮುರುಗಾ ಬರೆದಿದ್ದರೆ ಕೊನೆಯಲ್ಲಿ ‘ಇಂಚಿನ ವರ್ಗ’ ಎಂಬಂಥ ಅರ್ಥವಿಲ್ಲದ್ದೇನೋ ಉಳಿದು ಎಚ್ಚರಿಸುತ್ತದೆ. ಏಕಮಾನವನ್ನು ಉತ್ತರದ ಕೊನೆಗೆ ಬಾಲದಂತೆ ಅಂಟಿಸುವವರಿಗೆ ಈ ಎಚ್ಚರಿಕೆ ಸಿಗುವುದಿಲ್ಲ. ಮೊದಲ ಸಾಲಿನಿಂದಲೇ ಅಂಕಿಯ ಜೊತೆ ಅದನ್ನೂ ನಡೆಸಿಕೊಂಡು ಬಂದವರಿಗೆ ಸಿಗುತ್ತದೆ. ತನ್ನ ತಪ್ಪನ್ನು ತಾನೇ ತೋರಿಸುವ ಇಂಥ ಸಾಧನ ಗಣಿತದಲ್ಲೂ ಅಪರೂಪ.

ಇನ್ನೊಂದು ಮಾತು. ಕ್ಯಾಲ್ಕುಲೇಟರ್ ಮೇಲೆ ಈ ಲೆಕ್ಕ ಮಾಡಿದರೆ 3,93,700.787 ಎಂದು ತೋರಿಸುತ್ತದೆ. ಅದನ್ನು ಹಾಗೇ ಬರೆದರೆ ಅದು ಸುಳ್ಳು. 2.54 ಎಂಬುದು ನಿಖರ, 1959ರಲ್ಲಿ ಇಂಗ್ಲಿಷ್ ಮಾತಿನ ದೇಶಗಳು ಸೇರಿ ಇಂಚನ್ನು ಅಷ್ಟಕ್ಕೇ ನಿಗದಿ ಮಾಡಿದವು. ಆದರೆ 70 ಮೈಕ್ರೋಮೀಟರ್ ಎಂಬುದು ನಮ್ಮ ಅಂದಾಜು. ದಪ್ಪ 80 ಆದರೆ ಎಳೆಗಳು 3 ಲಕ್ಷಕ್ಕೆ ಇಳಿಯುತ್ತವೆ, 60 ಆದರೆ 5 ಲಕ್ಷ ದಾಟುತ್ತವೆ. ದಪ್ಪ ಏಳರಲ್ಲಿ ಒಂದು ಪಾಲು ಹೆಚ್ಚಿದ್ದಕ್ಕೆ ಎಣಿಕೆ ನಾಲ್ಕರಲ್ಲಿ ಒಂದು ಪಾಲಿನಷ್ಟು ಬಿತ್ತು. ಯಾಕೆಂದರೆ ಲೆಕ್ಕದಲ್ಲಿ ದಪ್ಪದ ವರ್ಗ ಬರುತ್ತದೆ. ಹಾಗಾಗಿ ‘ಸುಮಾರು 4 ಲಕ್ಷ’ ಎನ್ನುವುದೇ ಪ್ರಾಮಾಣಿಕ ಉತ್ತರ. ಎಷ್ಟು ಅಂಕಿಗಳನ್ನು ನಂಬಬಹುದೋ ಅಷ್ಟನ್ನೇ ಬರೆಯುವುದು ಅಳೆಯುವವರ ಮರ್ಯಾದೆ.

ಈಗ ಮಗ್ಗದ ಕಡೆ ಬರೋಣ. ಇಲ್ಲಿ ಅಳತೆ ಇನ್ನೂ ಸೊಗಸಾಗಿದೆ. ‘ನಲವತ್ತರ ನೂಲು ಐತೇನ್ರೀ?’ ಎಂದು ನೇಕಾರರು ಕೇಳಿದರೆ ಆ ನಲವತ್ತು ಏನು? ಮೀಟರೂ ಅಲ್ಲ, ಗ್ರಾಮೂ ಅಲ್ಲ. 840 ಗಜ ನೂಲು ಸೇರಿದರೆ ಒಂದು ಲಡಿ. ಒಂದು ಪೌಂಡ್ ತೂಕಕ್ಕೆ ಎಷ್ಟು ಲಡಿ ಬರುತ್ತವೆಯೋ ಅದು ಆ ನೂಲಿನ ನಂಬರು, ಅಥವಾ ಕೌಂಟು. ನೂಲು ಸಣ್ಣಗಾದಷ್ಟೂ ಒಂದು ಪೌಂಡಿಗೆ ಹೆಚ್ಚು ಲಡಿ ಸಿಗುತ್ತದೆ, ನಂಬರು ಏರುತ್ತದೆ. 80ರ ನೂಲು 40ರದಕ್ಕಿಂತ ನಯ. ಇನ್ನು ರೇಷ್ಮೆಯ ಅಂಗಡಿಗೆ ಹೋದರೆ ಮಾತು ತಿರುವುಮುರುವು. ಅಲ್ಲಿ ಡೆನಿಯರ್ ಲೆಕ್ಕ. 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ಏರಿದಷ್ಟೂ ಎಳೆ ದಪ್ಪ. ಕುಷ್ಟಗಿಯ ಆಚೆಗಿರುವ ಇಳಕಲ್‌ನ ಸೀರೆಯನ್ನು ನೋಡಿ. ಮೈಗೆ ಹತ್ತಿ, ಸೆರಗಿಗೆ ರೇಷ್ಮೆ. ಮೈಯ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಕುಣಿಕೆ ಹಾಕಿ ಜೋಡಿಸುವುದೇ ಆ ಸೀರೆಯ ಹೆಚ್ಚುಗಾರಿಕೆ. ಒಂದರ ನಂಬರು ಏರಿದರೆ ನಯ, ಇನ್ನೊಂದರದು ಏರಿದರೆ ದಪ್ಪ. ಎರಡು ಎದುರುಬದುರು ಅಳತೆಗಳು ಒಂದೇ ಮಗ್ಗದ ಮೇಲೆ ಗಂಟು ಬೀಳುತ್ತವೆ.

ಇವೆರಡನ್ನೂ ಒಂದೇ ಭಾಷೆಗೆ ತರಲು ‘ಟೆಕ್ಸ್’ ಎಂಬ ಅಳತೆ ಇದೆ. 1,000 ಮೀಟರ್ ಎಳೆಯ ತೂಕ ಗ್ರಾಂನಲ್ಲಿ ಎಷ್ಟೋ ಅಷ್ಟು ಟೆಕ್ಸ್. ಡೆನಿಯರಿನಿಂದ ಟೆಕ್ಸಿಗೆ ಬರುವುದು ಸುಲಭ, 9ರಿಂದ ಭಾಗಿಸಿದರೆ ಆಯಿತು. ಕೌಂಟಿನಿಂದ ಬರುವಾಗ ಹಾಗೆ ಆಗುವುದಿಲ್ಲ, ಏಕೆಂದರೆ ಕೌಂಟು ‘ತೂಕಕ್ಕೆ ಎಷ್ಟು ಉದ್ದ’ ಎನ್ನುತ್ತದೆ, ಟೆಕ್ಸ್ ‘ಉದ್ದಕ್ಕೆ ಎಷ್ಟು ತೂಕ’ ಎನ್ನುತ್ತದೆ. ಮೊದಲು ಬುಡಮೇಲು ಮಾಡಬೇಕು. 840 ಗಜ ಎಂದರೆ ಸುಮಾರು 768.1 ಮೀಟರ್, ಪೌಂಡು 453.6 ಗ್ರಾಂ. 40ರ ನೂಲಿನಲ್ಲಿ 453.6 ಗ್ರಾಂಗೆ 40 ಸಲ 768.1, ಅಂದರೆ ಸುಮಾರು 30,724 ಮೀಟರ್. ತಿರುಗಿಸಿ ಭಾಗಿಸಿದರೆ 1,000 ಮೀಟರಿಗೆ 14.8 ಗ್ರಾಂ, ಅಂದರೆ 14.8 ಟೆಕ್ಸ್. ಜವಳಿಯವರು 590.5ನ್ನು ಕೌಂಟಿನಿಂದ ಭಾಗಿಸಿ ಒಂದೇ ಏಟಿಗೆ ಈ ಉತ್ತರ ಹೇಳುತ್ತಾರೆ. ಆ 590.5 ಎಲ್ಲಿಂದ ಬಂತು ಎಂದು ಈಗ ನೀವೇ ಬಿಡಿಸಿ ನೋಡಬಹುದು.

ನಾವು ಆಗಲೇ ತೂಗಿದ ಕೂದಲು ಮೀಟರಿಗೆ 5 ಮಿಲಿಗ್ರಾಂ, ಅಂದರೆ 5 ಟೆಕ್ಸ್. ಅದನ್ನು ಹತ್ತಿಯ ಭಾಷೆಯಲ್ಲಿ ಹೇಳಿದರೆ ಸುಮಾರು 118ರ ನೂಲು. ಭಾಗ್ಯನಗರದ ಎರಡೂ ಕಸುಬು ಒಂದೇ ಅಳತೆಗೋಲಿನ ಮೇಲೆ ಬಂದು ನಿಂತವು. ಇದು ನನಗೆ ಬಹಳ ಇಷ್ಟವಾದ ಲೆಕ್ಕ.

ಹೆಸರು ಒಂದೇ ಇದ್ದು ಬೆಲೆ ಬದಲಾಗುವ ಅಳತೆಗಳ ಬಗ್ಗೆಯೂ ಎಚ್ಚರವಿರಬೇಕು. ಕೊಪ್ಪಳ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ದೇಶದಲ್ಲಿ ತೂಕ–ಅಳತೆಯ ಹೊಸ ಕಾಯ್ದೆ ಬಂತು, 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು, 1958ರ ಅಕ್ಟೋಬರ್‌ನಿಂದ ಕಿಲೋ–ಗ್ರಾಂ ಹಂತಹಂತವಾಗಿ ಸಂತೆಗೆ ಇಳಿದವು. ಆಗ ಕಾಯ್ದೆಯ ಲೆಕ್ಕದಲ್ಲಿ 80 ತೊಲೆಗೆ ಒಂದು ಸೇರು, ಸೇರಿಗೆ 933.1 ಗ್ರಾಂ, 40 ಸೇರಿಗೆ ಒಂದು ಮಣ. ಅದರ ಪ್ರಕಾರ ತೊಲೆ ಎಂದರೆ 11.66 ಗ್ರಾಂ. ಇವತ್ತು ಚಿನ್ನದ ಅಂಗಡಿಯಲ್ಲಿ ‘ಒಂದು ತೊಲಿ’ ಎಂದರೆ 10 ಗ್ರಾಂ ಎಂದೇ ರೂಢಿ. ಅಜ್ಜಿಯ ಕಾಲದ ಐದು ತೊಲೆಯ ಸರವನ್ನೂ ಇವತ್ತಿನ ಐದು ತೊಲೆಯ ಸರವನ್ನೂ ತಕ್ಕಡಿಗೆ ಹಾಕಿದರೆ 8 ಗ್ರಾಮಿನಷ್ಟು ವ್ಯತ್ಯಾಸ ಬರುತ್ತದೆ. ಇವತ್ತಿನ ಚಿನ್ನದ ದರದಲ್ಲಿ ಅದೇನೂ ಸಣ್ಣ ಮೊತ್ತವಲ್ಲ.

ಅಂಕಿ ಇದ್ದು ಏಕಮಾನ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ 1983ರ ಜುಲೈ 23ರ ಘಟನೆಯೊಂದಿದೆ. ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಎಡ್ಮಂಟನ್‌ಗೆ ಹೊರಟಿತ್ತು. ಕೆನಡಾ ಆಗಷ್ಟೇ ಮೆಟ್ರಿಕ್‌ಗೆ ಬದಲಾಗುತ್ತಿದ್ದ ಕಾಲ. ಇಂಧನ ಅಳೆಯುವ ಮೀಟರು ಕೆಟ್ಟಿದ್ದರಿಂದ ಕೈಲೆಕ್ಕ ಮಾಡಬೇಕಾಯಿತು. ಬೇಕಾದದ್ದು 22,300 ಕಿಲೋ. ಟ್ಯಾಂಕಿನಲ್ಲಿದ್ದದ್ದು 7,682 ಲೀಟರ್. ಲೀಟರನ್ನು ತೂಕಕ್ಕೆ ತರಲು ಸಾಂದ್ರತೆ ಬೇಕು. ಕಾಗದದಲ್ಲಿ ಇದ್ದ ಸಂಖ್ಯೆ 1.77. ಅದು ಲೀಟರಿಗೆ 1.77 ಪೌಂಡ್, ಆದರೆ ಲೆಕ್ಕ ಹಾಕಿದವರು ಕಿಲೋ ಎಂದು ಬಗೆದರು. ಹಾಗೆ ನೋಡಿದರೆ ಟ್ಯಾಂಕಿನಲ್ಲಿ ಆಗಲೇ 13,597 ಕಿಲೋ ಇದೆ, ಇನ್ನು 4,917 ಲೀಟರ್ ಹಾಕಿದರೆ ಸಾಕು! ಹಾಕಿದರು. ನಿಜವಾಗಿ ಆ ಇಂಧನ ಲೀಟರಿಗೆ 0.803 ಕಿಲೋ ತೂಗುತ್ತದೆ, ಹಾಕಬೇಕಿದ್ದದ್ದು 20,000 ಲೀಟರಿಗೂ ಹೆಚ್ಚು. 41,000 ಅಡಿ ಎತ್ತರದಲ್ಲಿ ಎಂಜಿನ್‌ಗಳು ಒಂದರ ಹಿಂದೊಂದು ನಿಂತವು. ಪೈಲಟ್‌ಗಳು ವಿಮಾನವನ್ನು ಎಂಜಿನ್ ಇಲ್ಲದೆ ತೇಲಿಸಿಕೊಂಡು ಗಿಮ್ಲಿ ಎಂಬ ಊರಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು, 69 ಜನರೂ ಬದುಕಿದರು. 1.77ರ ಮುಂದೆ ‘ಲೀಟರಿಗೆ ಪೌಂಡ್’ ಎಂದು ಬರೆದು ಗುಣಿಸಿದ್ದರೆ ಉತ್ತರದ ಮುಂದೆ ಪೌಂಡ್ ಎಂದು ಬಂದಿರುತ್ತಿತ್ತು, ಪೆನ್ನು ಅಲ್ಲಿಯೇ ತಡೆಯುತ್ತಿತ್ತು. ಕಾರ್ಬನ್ನು, ಆಮ್ಲ, ಕ್ಷಾರ ಏನೂ ಗೊತ್ತಿಲ್ಲದಿದ್ದರೂ ಈ ಒಂದು ಅಭ್ಯಾಸ ಇರಲೇಬೇಕು ಎನ್ನುವುದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಪತ್ರಿಕೆ ತೆರೆದರೆ ಕಾಣುವ ಅಳತೆಗಳು ಟಿಎಂಸಿ ಮತ್ತು ಕ್ಯುಸೆಕ್. ಮುನಿರಾಬಾದಿನ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಈಗ ಸುಮಾರು 105.79 ಟಿಎಂಸಿ, ಹೂಳು ತುಂಬುವ ಮೊದಲು 130 ಟಿಎಂಸಿಗೂ ಮೇಲಿತ್ತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಮೊದಲನೆಯದು ನಿಂತ ನೀರು, ಎರಡನೆಯದು ಹರಿಯುವ ನೀರು. ಇವೆರಡನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲ, ನಡುವೆ ಕಾಲವನ್ನು ತರಬೇಕು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದಾಗ ಆ ಕಿಂಡಿಯೊಂದರಿಂದಲೇ ಸುಮಾರು 35,000 ಕ್ಯುಸೆಕ್ ನೀರು ನುಗ್ಗುತ್ತಿದೆ ಎಂದು ಸುದ್ದಿ ಬಂತು. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ ದಿನಕ್ಕೆ ಸುಮಾರು 302 ಕೋಟಿ ಘನ ಅಡಿ, ಅಂದರೆ 3 ಟಿಎಂಸಿ. ಗಂಗಾವತಿಯ ಭತ್ತದ ರೈತರು ಅಂದು ಯಾಕೆ ಅಷ್ಟು ಆತಂಕಪಟ್ಟರು ಎಂಬುದು ಈ ಒಂದು ಗುಣಾಕಾರದಲ್ಲಿದೆ. ಇದನ್ನು ಲೀಟರಿಗೆ ತರುವಾಗ ಮಾತ್ರ ಹುಷಾರು. ಒಂದು ಅಡಿ 0.3048 ಮೀಟರ್, ಆದರೆ ಘನ ಅಡಿ 0.3048 ಘನ ಮೀಟರ್ ಅಲ್ಲ. ಉದ್ದ, ಅಗಲ, ಆಳ ಮೂರನ್ನೂ ಬದಲಿಸಬೇಕು, ಆ ಸಂಖ್ಯೆಯನ್ನು ಮೂರು ಸಲ ಗುಣಿಸಬೇಕು. ಆಗ 0.0283 ಘನ ಮೀಟರ್, ಅಂದರೆ 28.3 ಲೀಟರ್ ಸಿಗುತ್ತದೆ. ಮೂರು ಸಲ ಗುಣಿಸುವುದನ್ನು ಮರೆತರೆ ಉತ್ತರ ಹತ್ತು ಪಟ್ಟಿಗೂ ಹೆಚ್ಚು ಉಬ್ಬುತ್ತದೆ.

ಇಲ್ಲಿಯತನಕ ಬಂದವರಿಗೆ ಮೋಲ್ ಹೆದರಿಸುವ ವಸ್ತುವಾಗಿ ಉಳಿಯಬಾರದು. ಎಣಿಸಲಾಗದಷ್ಟು ಕೂದಲನ್ನು ತೂಗಿ ಎಣಿಸಿದೆವಲ್ಲ, ರಸಾಯನಶಾಸ್ತ್ರ ಪರಮಾಣುಗಳಿಗೆ ಮಾಡುವುದೂ ಅದನ್ನೇ. ಡಜನ್ ಎಂದರೆ 12 ಆದಂತೆ ಮೋಲ್ ಎಂದರೆ 6.022 × 10²³. 2019ರ ಮೇ 20ರಿಂದ ಈ ಸಂಖ್ಯೆ 6.02214076 × 10²³ ಎಂದು ನಿಖರವಾಗಿ ನಿಗದಿಯಾಗಿದೆ. ಆ ದಿನವೇ ಕಿಲೋಗ್ರಾಮೂ ಪ್ಯಾರಿಸ್ ಬಳಿಯ ಲೋಹದ ತುಂಡಿನಿಂದ ಬಿಡಿಸಿಕೊಂಡು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿತು. ಗಂಧಕದ ಒಂದು ಮೋಲ್ ಪರಮಾಣುಗಳು 32 ಗ್ರಾಂ ತೂಗುತ್ತವೆ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದಾದದ್ದು, ಅದರ ತೂಕದಲ್ಲಿ ಸುಮಾರು ಶೇಕಡಾ 5 ಗಂಧಕ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಈ ಗಂಧಕದ ಪಾಲು ಇದೆ. ನಮ್ಮ 20 ಇಂಚಿನ ಒಂದು ಎಳೆಯ ತೂಕ ಸುಮಾರು 2.5 ಮಿಲಿಗ್ರಾಂ, ಅದರಲ್ಲಿ ಗಂಧಕ 0.13 ಮಿಲಿಗ್ರಾಂ. ಅದನ್ನು ಗ್ರಾಮಿಗೆ ತಂದು, 32ರಿಂದ ಭಾಗಿಸಿ, ಮೋಲಿನ ಸಂಖ್ಯೆಯಿಂದ ಗುಣಿಸಿದರೆ 24ರ ಮುಂದೆ 17 ಸೊನ್ನೆ ಇಟ್ಟಷ್ಟು ಪರಮಾಣುಗಳು. ಒಂದೇ ಒಂದು ಎಳೆಯಲ್ಲಿ!

ತೂಕ ಸಾಲದೇ, ಎಣಿಕೆ ಯಾಕೆ ಬೇಕು ಎಂದು ಕೇಳುವವರಿಗೆ ಕುಷ್ಟಗಿ, ಯಲಬುರ್ಗಾ ಕಡೆಯ ಕೊಳವೆಬಾವಿಗಳೇ ಉತ್ತರ. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಗ್ರಾನೈಟ್ ಬಂಡೆಗಳ ಖನಿಜಗಳಿಂದ ಅದು ನೀರಿಗೆ ಇಳಿಯುತ್ತದೆ. ಭಾರತದ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ. ಅದಕ್ಕೂ ಮೇಲೆ ಹೋದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಕೀಲು–ಮೂಳೆಗಳು ಬಿಗಿದುಕೊಳ್ಳುವ ಕಾಯಿಲೆ. ಕೆಲವು ವರದಿಗಳಲ್ಲಿ ಇದೇ ಸಂಖ್ಯೆಯನ್ನು ಪಿಪಿಎಂ ಎಂದು ಬರೆದಿರುತ್ತಾರೆ. ಒಂದು ಲೀಟರ್ ನೀರು ಒಂದು ಕಿಲೋ, ಅಂದರೆ 10 ಲಕ್ಷ ಮಿಲಿಗ್ರಾಂ ತೂಗುವುದರಿಂದ ಲೀಟರಿಗೆ ಒಂದು ಮಿಲಿಗ್ರಾಂ ಎಂದರೂ ಹತ್ತು ಲಕ್ಷಕ್ಕೆ ಒಂದು ಪಾಲು ಎಂದರೂ ಒಂದೇ. ಆದರೆ ಈ ಮಾತು ನೀರಿಗೆ ಮಾತ್ರ. ಎಣ್ಣೆಗೋ ಗಾಳಿಗೋ ಇದನ್ನು ಹಾಗೇ ಹಚ್ಚಬಾರದು.

ನೀರಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಫ್ಲೋರೈಡ್ ಮಿತಿಮೀರಿ ಏರುವುದಿಲ್ಲ, ಏಕೆಂದರೆ ಎರಡೂ ಸೇರಿ ನೀರಿನಲ್ಲಿ ಸುಲಭಕ್ಕೆ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಬೇರ್ಪಡುತ್ತವೆ. ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಫ್ಲೋರೈಡಿಗೆ ಕಡಿವಾಣವಿಲ್ಲ. ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡ್, ಇದು ಲೆಕ್ಕ. ಮಿಲಿಗ್ರಾಮಿನ ಲೆಕ್ಕವಲ್ಲ, ತಲೆಯೆಣಿಕೆಯ ಲೆಕ್ಕ. ಲೀಟರಿಗೆ 60 ಮಿಲಿಗ್ರಾಂ ಕ್ಯಾಲ್ಸಿಯಂ, 1.5 ಮಿಲಿಗ್ರಾಂ ಫ್ಲೋರೈಡ್ ಇರುವ ನೀರಿನಲ್ಲಿ ತೂಕ ನೋಡಿದರೆ ಕ್ಯಾಲ್ಸಿಯಂ 40 ಪಟ್ಟು. ಕ್ಯಾಲ್ಸಿಯಂನ ಮೋಲಿಗೆ 40 ಗ್ರಾಂ, ಫ್ಲೋರೈಡಿನದಕ್ಕೆ 19 ಗ್ರಾಂ ಎಂದು ಭಾಗಿಸಿ ಎಣಿಸಿದರೆ 19 ಪಟ್ಟು ಮಾತ್ರ. ಪರಮಾಣುಗಳು ಒಂದನ್ನೊಂದು ಹಿಡಿಯುವುದು ಎಣಿಕೆಯ ಮೇಲೆ. ಮೋಲ್ ಇಲ್ಲದಿದ್ದರೆ ನೀರಿನೊಳಗೆ ಯಾರಿಗೆ ಯಾರು ಸಾಲುತ್ತಾರೆ ಎಂದು ಹೇಳಲಾಗುತ್ತಿರಲಿಲ್ಲ.

ಮೈಗೆ ಬಂದಾಗ ಲೆಕ್ಕದ ಏಕಮಾನ ಮತ್ತೆ ಬದಲಾಗುತ್ತದೆ, ಇದನ್ನು ಆರೋಗ್ಯ ಇಲಾಖೆಯ ಭಿತ್ತಿಪತ್ರಗಳಲ್ಲೂ ದೊಡ್ಡಕ್ಷರದಲ್ಲಿ ಬರೆಯಬೇಕು ಅನ್ನಿಸುತ್ತದೆ. ವರದಿ ಹೇಳುವುದು ‘ಲೀಟರಿಗೆ ಮಿಲಿಗ್ರಾಂ’. ಮೂಳೆಗೆ ಮುಖ್ಯವಾದದ್ದು ‘ದಿನಕ್ಕೆ ಮಿಲಿಗ್ರಾಂ’. ಒಂದರಿಂದ ಇನ್ನೊಂದಕ್ಕೆ ಹೋಗಲು ‘ದಿನಕ್ಕೆ ಲೀಟರ್’ ಬೇಕು. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವವರು 2 ಲೀಟರ್ ಕುಡಿದರೆ 1.5ರ ನೀರಿನಿಂದ 3 ಮಿಲಿಗ್ರಾಂ ಒಳಗೆ ಹೋಯಿತು. ಏಪ್ರಿಲ್ ಬಿಸಿಲಲ್ಲಿ ಹೊಲದಲ್ಲಿ ದುಡಿಯುವವರು ಅದೇ ಬೋರಿನ ನೀರನ್ನು 5 ಲೀಟರ್ ಕುಡಿದರೆ ಏಳೂವರೆ ಮಿಲಿಗ್ರಾಂ. ನೀರು ಒಂದೇ, ವರದಿಯ ಅಂಕಿ ಒಂದೇ. ಅದಕ್ಕೇ ಬೋರಿನ ನೀರು ಪರೀಕ್ಷೆಗೆ ಕಳಿಸುವ ಶಾಲೆಯ ಮಕ್ಕಳು ಇನ್ನೊಂದು ಕೆಲಸ ಮಾಡಬೇಕು. ಪ್ರತಿ ಮನೆಯಲ್ಲೂ ದೊಡ್ಡವರು, ಚಿಕ್ಕವರು ದಿನಕ್ಕೆ ಎಷ್ಟು ತಂಬಿಗೆ ನೀರು ಕುಡಿಯುತ್ತಾರೆ ಎಂದು ಕೇಳಬೇಕು. ಆ ಮನೆಯ ತಂಬಿಗೆಗೆ ಎಷ್ಟು ಲೀಟರ್ ಹಿಡಿಯುತ್ತದೆ ಎಂದು ಒಂದು ಲೀಟರಿನ ಬಾಟಲಿಯಿಂದ ನೀರು ಸುರಿದು ಅಳೆದು, ಅದನ್ನೂ ವರದಿಯ ಪಕ್ಕದಲ್ಲಿ ಬರೆದಿಡಬೇಕು.